ಗುಂಡಿಗೆಯ ಕದ, ಉಸಿರಿನ ಕಷ್ಟ



ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಯಾರಿಗಾದರೂ ದಮ್ಮು ಹತ್ತಿತೆಂದರೆ ಕಾರಣ ಹುಡುಕಲು ಬಹಳ ದೂರ ಹೋಗುವ ರೂಢಿ ಇಲ್ಲ. ಹುಬ್ಬಳ್ಳಿಯವರು ತಪ್ಪನ್ನು ಧೂಳಿನ ಮೇಲೆ ಹೊರಿಸುತ್ತಾರೆ. ಧಾರವಾಡದವರು ಜಿಟಿಜಿಟಿ ಮಳೆಯ ಮೇಲೆ, ಥಂಡಿಯ ಮೇಲೆ ಹೊರಿಸುತ್ತಾರೆ. ಎರಡೂ ಊರಿನವರು ಕೂಡಿ ಒಪ್ಪುವ ಮಾತೆಂದರೆ, ಉಸಿರಾಟ ಕೆಟ್ಟಿದೆಯೆಂದ ಮೇಲೆ ಕೆಟ್ಟಿರುವುದು ಪುಪ್ಪುಸವೇ ಎಂಬುದು. ಅನೇಕ ವೇಳೆ ಇದು ನಿಜವೂ ಹೌದು. ಧೂಳು ಉಬ್ಬಸವನ್ನು ಕೆರಳಿಸುತ್ತದೆ. ಒಲೆಯ ಹೊಗೆ, ಬೀಡಿಯ ಹೊಗೆ ಶ್ವಾಸನಾಳಗಳನ್ನು ಕೆಡಿಸುತ್ತವೆ. ಕ್ಷಯವು ಪುಪ್ಪುಸವನ್ನೇ ತಿನ್ನುತ್ತದೆ. ಆದರೆ ಕೆಲವು ವೇಳೆ ಪುಪ್ಪುಸವು ನಿರಪರಾಧಿ. ತಪ್ಪು ಅದರ ನೆರೆಮನೆಯಲ್ಲಿರುವ ಗುಂಡಿಗೆಯದು. ಆಗ ನಾವು ಪುಪ್ಪುಸಕ್ಕೆ ಮಾತ್ರ ಔಷಧ ಕೊಡುತ್ತ ಹೋದರೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುತ್ತದೆ. ಈ ಒಂದು ತಪ್ಪನ್ನು ಕುರಿತೇ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಒಬ್ಬ ಹೆಣ್ಣುಮಗಳನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ಹೆಸರು ಬೇಡ, ಇಂಥವಳು ಯಾವ ಓಣಿಯಲ್ಲಿಯೂ ಇದ್ದಾಳು. ವಯಸ್ಸು ಇಪ್ಪತ್ತಾರು. ಒಂದು ವರುಷದಿಂದ ಕೊಡ ಹೊತ್ತು ಪಾವಟಿಗೆ ಏರುವಾಗ ನಡುವೆ ಎರಡು ಸಲ ನಿಲ್ಲುತ್ತಾಳೆ. ಮೈಯಲ್ಲಿ ರಕ್ತ ಕಡಿಮೆ ಎಂದು ಅತ್ತೆ ಟಾನಿಕ್ ತರಿಸಿದ್ದಾಳೆ. ಮಲಗಿದರೆ ಕೆಮ್ಮು, ನಡುರಾತ್ರಿಯಲ್ಲಿ ಉಸಿರು ಕಟ್ಟಿದಂತಾಗಿ ಎದ್ದು ಕುಳಿತು, ಕಿಟಕಿ ತೆರೆದು ಗಾಳಿಗೆ ಮುಖವೊಡ್ಡುತ್ತಾಳೆ. ಉಬ್ಬಸವೆಂದು ಸೇದುವ ಔಷಧ ಕೊಡಿಸಿದ್ದಾಯಿತು. ಹೆಚ್ಚು ಗುಣ ಕಾಣಲಿಲ್ಲ. ಈಗ ಆಕೆ ಬಸಿರಿ. ಐದು ತಿಂಗಳು ತುಂಬುವಷ್ಟರಲ್ಲಿ ನಾಲ್ಕು ಹೆಜ್ಜೆ ನಡೆಯುವುದೂ ಕಷ್ಟವಾಗಿದೆ. ಬಸುರಿಯರಿಗೆ ಇದೆಲ್ಲ ಸಹಜವೆಂದು ಮನೆಯವರು ಸಮಾಧಾನ ಹೇಳುತ್ತಾರೆ. ಆಕೆಯ ಹತ್ತನೆಯ ವಯಸ್ಸಿನಲ್ಲಿ ಗಂಟಲು ಬೇನೆಯ ಬೆನ್ನಿಗೇ ಮೊಣಕಾಲು ಬಾತು, ಅದು ಇಳಿಯುವಷ್ಟರಲ್ಲಿ ಹರಡು ಬಾತು, ಜ್ವರ ಬಂದು, ಹದಿನೈದು ದಿನ ಶಾಲೆ ತಪ್ಪಿದ್ದನ್ನು ಯಾರೂ ಡಾಕ್ಟರಿಗೆ ಹೇಳಿಲ್ಲ. ಹೇಳಬೇಕೆಂದು ಯಾರಿಗೂ ಹೊಳೆದಿಲ್ಲ. ಆದರೆ ಆ ಮೊಣಕಾಲಿಗೂ ಈ ಉಸಿರಿಗೂ ನೇರವಾದ ಸಂಬಂಧವಿದೆ. ಆ ಸಂಬಂಧ ಯಾವುದೆಂದು ನೋಡೋಣ.

ನಮ್ಮ ಗುಂಡಿಗೆ ಒಂದು ಹಿಡಿ ಗಾತ್ರದ್ದು. ತೂಕ ಸುಮಾರು 300 ಗ್ರಾಂ. ಅದು ನಾಲ್ಕು ಕೋಣೆಗಳ ಮನೆ. ಮೇಲೆ ಎರಡು ಸಣ್ಣ ಕೋಣೆಗಳು, ಕೆಳಗೆ ಎರಡು ದೊಡ್ಡವು. ಬಲಗಡೆಯ ಕೋಣೆಗಳು ಮೈಯಿಂದ ಬಂದ ಮಲಿನ ರಕ್ತವನ್ನು ಪುಪ್ಪುಸಕ್ಕೆ ನೂಕುತ್ತವೆ. ಪುಪ್ಪುಸದಲ್ಲಿ ಪ್ರಾಣವಾಯುವನ್ನು ಪಡೆದ ರಕ್ತವು ಎಡಗಡೆಯ ಮೇಲಿನ ಕೋಣೆಗೆ ಬಂದು, ಅಲ್ಲಿಂದ ಕೆಳಗಿನ ಕೋಣೆಗೆ ಇಳಿದು, ಮಹಾಧಮನಿಯ ದಾರಿಯಾಗಿ ಇಡಿಯ ಮೈಗೆ ಹರಿಯುತ್ತದೆ. ದಿನವೊಂದಕ್ಕೆ ಸುಮಾರು ಒಂದು ಲಕ್ಷ ಬಡಿತ. ನಾವು ಸುಮ್ಮನೆ ಕುಳಿತಾಗಲೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತದ ಸಾಗಾಣಿಕೆ. ಈ ರಕ್ತ ಮುಂದಕ್ಕೆ ಹೋಗಬೇಕು, ಹಿಂದಕ್ಕೆ ಬರಬಾರದು. ಅದಕ್ಕಾಗಿ ನಾಲ್ಕು ಕಡೆ ಒಮ್ಮುಖವಾಗಿ ತೆರೆಯುವ ಕದಗಳಿವೆ. ಇವೇ ಕವಾಟಗಳು. ಎಡಗಡೆಯ ಎರಡು ಕೋಣೆಗಳ ನಡುವಿನ ಕದಕ್ಕೆ ಎರಡು ತೆಳುವಾದ ದಳಗಳು. ಪಾಶ್ಚಾತ್ಯ ಧರ್ಮಗುರುಗಳ ಎರಡು ಹೋಳಿನ ಕಿರೀಟವನ್ನು ಹೋಲುವುದರಿಂದ ಅದಕ್ಕೆ ಮೈಟ್ರಲ್ ಕವಾಟವೆಂಬ ಹೆಸರು ಬಂದಿತು. ಇಂದಿನ ಮಾತಿನಲ್ಲಿ ಮುಖ್ಯ ಪಾತ್ರ ಇದರದೇ.

ಪುಪ್ಪುಸದಿಂದ ಬರುವ ರಕ್ತಕ್ಕೂ ಈ ಕದಕ್ಕೂ ನಡುವೆ ಬೇರೆ ಅಡ್ಡಿಯೇ ಇಲ್ಲವೆಂಬುದನ್ನು ಗಮನಿಸಿರಿ. ಉಣಕಲ್ ಕೆರೆಯನ್ನು ನೀವೆಲ್ಲರೂ ನೋಡಿದ್ದೀರಿ. ಯಾವುದೇ ಕೆರೆಯ ತೂಬಿನಲ್ಲಿ ಹೂಳು ತುಂಬಿ, ನೀರು ಹೊರಗೆ ಹೋಗುವ ದಾರಿ ಇಕ್ಕಟ್ಟಾಯಿತೆಂದುಕೊಳ್ಳಿರಿ. ತೂಬಿನ ಕೆಳಗಿನ ಹೊಲಕ್ಕೆ ನೀರು ಸಾಲದು. ಕೆರೆಯ ನೀರು ಮಾತ್ರ ಏರುತ್ತ ಹೋಗಿ ಹಿಂದಿನ ಹೊಲಗಳಿಗೆ ನುಗ್ಗುತ್ತದೆ. ಹೊಲ ನೆನೆದ ರೈತನು ತನ್ನ ಹೊಲದಲ್ಲಿ ದೋಷ ಹುಡುಕಿದರೆ ಸಿಕ್ಕೀತೆ? ದೋಷವಿರುವುದು ತೂಬಿನಲ್ಲಿ. ಮೈಟ್ರಲ್ ಕದವೇ ತೂಬು. ಪುಪ್ಪುಸವೇ ಆ ಹಿಂದಿನ ಹೊಲ.

ಆರೋಗ್ಯವಂತರಲ್ಲಿ ಈ ಕದ ಪೂರ್ತಿ ತೆರೆದಾಗ ದಾರಿಯ ವಿಸ್ತಾರ 4ರಿಂದ 6 ಚದರ ಸೆಂಟಿಮೀಟರು. ರೋಗದಿಂದ ದಳಗಳು ದಪ್ಪವಾಗಿ, ಅಂಚುಗಳು ಒಂದಕ್ಕೊಂದು ಅಂಟಿಕೊಂಡು, ದಾರಿಯು ಒಂದೂವರೆ ಚದರ ಸೆಂಟಿಮೀಟರಿಗಿಂತ ಕಡಿಮೆಯಾದಾಗ ಸಾಮಾನ್ಯವಾಗಿ ತೊಂದರೆ ತಲೆದೋರುತ್ತದೆ. ಹಿಂದಿನ ಕೋಣೆಯಲ್ಲಿ ಒತ್ತಡ ಹೆಚ್ಚುತ್ತದೆ. ಅದೇ ಒತ್ತಡ ಪುಪ್ಪುಸದ ಕೂದಲೆಳೆಯಂಥ ರಕ್ತನಾಳಗಳಿಗೆ ತಟ್ಟುತ್ತದೆ. ಪುಪ್ಪುಸದಲ್ಲಿ ಕೋಟಿಗಟ್ಟಲೆ ಗಾಳಿಗೂಡುಗಳಿವೆ. ಅವುಗಳ ಗೋಡೆಗೆ ತಾಗಿಕೊಂಡೇ ಈ ನಾಳಗಳು ಹರಿಯುತ್ತವೆ. ಒತ್ತಡವು ಪಾದರಸದ ಸುಮಾರು 25 ಮಿಲಿಮೀಟರು ಮೀರಿದಾಗ ರಕ್ತದ ನೀರಿನಂಶವು ನಾಳಗಳಿಂದ ಜಿನುಗಿ, ಮೊದಲು ಗೂಡುಗಳ ನಡುವಿನ ಸಂದುಗಳನ್ನು ನೆನೆಸುತ್ತದೆ, ಅನಂತರ ಗೂಡುಗಳನ್ನೇ ತುಂಬುತ್ತದೆ. ನೆನೆದ ಅರಿವೆಯಂತೆ ಪುಪ್ಪುಸ ಭಾರವಾಗುತ್ತದೆ. ಇದೇ ಏದುಸಿರು.

ರಾತ್ರಿಯೇ ಇದು ಹೆಚ್ಚುವುದೇಕೆ? ಹಗಲೆಲ್ಲ ಕಾಲುಗಳಲ್ಲಿ ನಿಂತಿದ್ದ ನೀರು, ಮಲಗಿದಾಗ ರಕ್ತಕ್ಕೆ ಮರಳಿ ಗುಂಡಿಗೆಯ ಕಡೆಗೆ ಬರುತ್ತದೆ. ಇಕ್ಕಟ್ಟಾದ ಕದದ ಹಿಂದೆ ಮತ್ತಷ್ಟು ನೆರೆ ಸೇರುತ್ತದೆ. ಎದ್ದು ಕುಳಿತು ಕಾಲು ಇಳಿಬಿಟ್ಟೊಡನೆ ನೀರು ಕೆಳಗಿಳಿದು ರೋಗಿಗೆ ಹಾಯೆನಿಸುತ್ತದೆ. ಮೊದಲು ಒಂದು ತಲೆದಿಂಬು, ಮುಂದೆ ಎರಡು, ಕಡೆಗೆ ಗೋಡೆಗೆ ಒರಗಿಯೇ ನಿದ್ದೆ. ಶ್ವಾಸನಾಳಗಳ ಗೋಡೆಯೂ ಬಾಯುವುದರಿಂದ ಎದೆಯಲ್ಲಿ ಸಿಳ್ಳಿನ ಸದ್ದು ಕೇಳಬಹುದು, ಥೇಟು ಉಬ್ಬಸದಂತೆಯೇ. ಕೆಲವರಿಗೆ ಕಫದಲ್ಲಿ ರಕ್ತ ಕಾಣಿಸಿಕೊಳ್ಳುತ್ತದೆ. ನಮ್ಮ ದೇಶದಲ್ಲಿ ಕಫದಲ್ಲಿ ರಕ್ತವೆಂದರೆ ಮೊದಲು ಕ್ಷಯದ ಪರೀಕ್ಷೆಯಾಗಬೇಕು, ಅದು ಸರಿಯೇ. ಆದರೆ ಕ್ಷಯವಿಲ್ಲವೆಂದು ಖಚಿತವಾದ ಮೇಲೆ ಸುಮ್ಮನಾಗದೆ ಗುಂಡಿಗೆಯ ಕಡೆಗೂ ಕಿವಿಗೊಡಬೇಕು.

ಇನ್ನು ಬಸುರಿನ ಮಾತು. ಗರ್ಭಿಣಿಯ ಮೈಯಲ್ಲಿ ರಕ್ತದ ಪ್ರಮಾಣ ನೂರಕ್ಕೆ 40-50ರಷ್ಟು ಹೆಚ್ಚುತ್ತದೆ, ಗುಂಡಿಗೆಯ ಬಡಿತವೂ ತ್ವರೆಯಾಗುತ್ತದೆ. ಆರೋಗ್ಯವಾದ ಗುಂಡಿಗೆ ಇದನ್ನು ಲೀಲಾಜಾಲವಾಗಿ ಸಾಗಿಸೀತು. ಕದ ಇಕ್ಕಟ್ಟಾದಲ್ಲಿ ಮಾತ್ರ ಅಷ್ಟೊಂದು ರಕ್ತ ಅಷ್ಟು ಸಣ್ಣ ದಾರಿಯಲ್ಲಿ ಹಾಯಲಾರದೆ ಪುಪ್ಪುಸಕ್ಕೆ ನೆರೆ ಬರುತ್ತದೆ. ಹದಿನಾರು ವರುಷ ಮರೆಯಲ್ಲಿದ್ದ ರೋಗವು ಐದನೆಯ ತಿಂಗಳಲ್ಲಿ ಹೊರಬೀಳುವುದು ಹೀಗೆ. ಇದರಿಂದ ತಾಯಿ-ಮಗು ಇಬ್ಬರ ಜೀವಕ್ಕೂ ಅಪಾಯವುಂಟು.

ಕದವು ಸರಿಯಾಗಿ ತೆರೆಯದಿರುವುದು ಒಂದು ರೋಗವಾದರೆ, ಸರಿಯಾಗಿ ಮುಚ್ಚದಿರುವುದು ಇನ್ನೊಂದು. ಮುಚ್ಚದ ಕದದಿಂದ ಪ್ರತಿ ಬಡಿತಕ್ಕೂ ಒಂದಿಷ್ಟು ರಕ್ತ ಹಿಂದಕ್ಕೆ ಹಾರುತ್ತದೆ. ಅದನ್ನು ಮತ್ತೆ ನೂಕಬೇಕು. ಒಂದು ಕೆಲಸಕ್ಕೆ ಎರಡು ಸಲ ದುಡಿದ ಆಳಿನಂತೆ ಗುಂಡಿಗೆ ದಣಿಯುತ್ತದೆ, ಕೋಣೆಗಳು ಹಿಗ್ಗುತ್ತವೆ. ಎಕ್ಸರೇ ಚಿತ್ರದಲ್ಲಿ ಗುಂಡಿಗೆಯ ಅಗಲವು ಎದೆಗೂಡಿನ ಅಗಲದ ಅರ್ಧಕ್ಕಿಂತ ಹೆಚ್ಚಾಗಿ ಕಂಡರೆ ಅದು ದೊಡ್ಡದಾಗಿದೆಯೆಂದು ಡಾಕ್ಟರು ಸಂಶಯಪಡುತ್ತಾರೆ. ದೊಡ್ಡ ಮನಸ್ಸು ಗುಣ. ದೊಡ್ಡ ಗುಂಡಿಗೆ ಮಾತ್ರ ರೋಗದ ಗುರುತು. ಬಹುಕಾಲದ ರಕ್ತದೊತ್ತಡ, ಗುಂಡಿಗೆಯ ಸ್ನಾಯುವಿನ ಬೇನೆ, ಹೃದಯಾಘಾತದ ಗಾಯ, ಇವುಗಳಿಂದಲೂ ಅದು ಹಿಗ್ಗುವುದುಂಟು. ಹಿಗ್ಗಿದ ಗುಂಡಿಗೆಯಲ್ಲಿ ಕದದ ಚೌಕಟ್ಟೇ ಅಗಲವಾಗಿ, ಒಳ್ಳೆಯ ದಳಗಳೂ ಒಂದಕ್ಕೊಂದು ಮುಟ್ಟದಂತಾಗುತ್ತವೆ. ಹೀಗೆ ಕದ ಕೆಟ್ಟು ಗುಂಡಿಗೆ ದೊಡ್ಡದಾಗುತ್ತದೆ, ಗುಂಡಿಗೆ ದೊಡ್ಡದಾಗಿ ಕದ ಕೆಡುತ್ತದೆ. ಎರಡರ ಕಂದಾಯವನ್ನೂ ಪುಪ್ಪುಸವೇ ತೆರಬೇಕು. ಬಹಳ ಹಿಗ್ಗಿದ ಗುಂಡಿಗೆಯು ಎಡಪುಪ್ಪುಸದ ಕೆಳಭಾಗವನ್ನು ಒತ್ತುವುದೂ ಉಂಟು. ಮೇಲಿನ ಕೋಣೆ ಅತಿಯಾಗಿ ಬೆಳೆದಾಗ ಧ್ವನಿಯ ನರಕ್ಕೆ ಒತ್ತು ಬಿದ್ದು ದನಿ ಗೊಗ್ಗರಾಗುವುದೂ ಅಪರೂಪಕ್ಕೆ ಕಂಡುಬಂದಿದೆ.

ನೆರೆಯು ವರುಷಗಟ್ಟಲೆ ನಿಂತರೆ ಪುಪ್ಪುಸದ ರಕ್ತನಾಳಗಳು ದಪ್ಪವಾಗಿ ಬಿರುಸಾಗುತ್ತವೆ. ಆಗ ಅವುಗಳೊಳಗೆ ರಕ್ತ ನೂಕುವ ಬಲಗಡೆಯ ಗುಂಡಿಗೆಯೂ ಸೋಲುತ್ತದೆ. ಕಾಲು ಬಾಯುತ್ತವೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಇದಕ್ಕೆ ತಿರುಗುಮುರುಗಾದ ದಾರಿಯೂ ಇದೆ. ಬಹಳ ವರುಷ ಹೊಗೆ ಕುಡಿದು ಪುಪ್ಪುಸವೇ ಮೊದಲು ಕೆಟ್ಟರೂ ಬಲಗಡೆಯ ಗುಂಡಿಗೆ ಹಿಗ್ಗುತ್ತದೆ. ಆದ್ದರಿಂದ ತಪ್ಪು ಯಾರದೆಂದು ಮನೆಯಲ್ಲಿ ಕುಳಿತು ತೀರ್ಮಾನಿಸಲು ಬರುವುದಿಲ್ಲ, ಪರೀಕ್ಷೆಯೇ ಆಗಬೇಕು.

ಕದ ಕೆಡುವುದೇಕೆ? ಹಿರಿಯರಲ್ಲಿ, ಎಪ್ಪತ್ತು ದಾಟಿದವರಲ್ಲಿ, ಮಹಾಧಮನಿಯ ಬಾಗಿಲಿನ ಕದಕ್ಕೆ ಸುಣ್ಣದಂಶ ಕೂತು ಅದು ಬಿಗಿಯಾಗುತ್ತದೆ. ನೃಪತುಂಗ ಬೆಟ್ಟವನ್ನು ದಿನಾಲು ಏರುತ್ತಿದ್ದ ಅಜ್ಜನು ಈಗ ಅರ್ಧದಲ್ಲಿಯೇ ಕೂರುತ್ತಾನೆ, ಎದೆ ಹಿಡಿದಂತಾಗುತ್ತದೆ, ಕಣ್ಣು ಕತ್ತಲೆ ಬರುತ್ತದೆ ಎಂದರೆ ವಯಸ್ಸಾಯಿತೆಂದು ಬಿಟ್ಟುಬಿಡಬಾರದು. ಆದರೆ ಮಕ್ಕಳು ಮತ್ತು ತರುಣರಲ್ಲಿ ನಮ್ಮ ದೇಶದ ಮುಖ್ಯ ವೈರಿ ರುಮ್ಯಾಟಿಕ್ ಜ್ವರ. ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣು ಗಂಟಲಲ್ಲಿ ಬೇನೆ ಹುಟ್ಟಿಸುತ್ತದೆ. ಮೈಯು ಆ ರೋಗಾಣುವಿನೊಡನೆ ಹೋರಾಡಲು ಸಿದ್ಧಪಡಿಸಿದ ಅಸ್ತ್ರವು, ಕೆಲವು ಮಕ್ಕಳಲ್ಲಿ ಎರಡು-ಮೂರು ವಾರಗಳ ಮೇಲೆ ಗುರಿ ತಪ್ಪಿ, ತಮ್ಮದೇ ಕೀಲುಗಳ ಮೇಲೆ, ಗುಂಡಿಗೆಯ ಮೇಲೆ ತಿರುಗಿಬೀಳುತ್ತದೆ. 5ರಿಂದ 15 ವರುಷದ ಮಕ್ಕಳಲ್ಲಿ ಇದು ಹೆಚ್ಚು. ಕೀಲುಗಳ ಬಾವು ಇಳಿದು ಹೋಗುತ್ತದೆ, ಗುರುತೂ ಉಳಿಯುವುದಿಲ್ಲ. ಕದದ ಗಾಯ ಉಳಿಯುತ್ತದೆ. ಇಕ್ಕಟ್ಟಾದ ಮನೆ, ಗಾಳಿ-ಬೆಳಕಿಲ್ಲದ ಕೋಣೆ, ಒಂದೇ ಹಾಸಿಗೆಯಲ್ಲಿ ನಾಲ್ವರು ಮಕ್ಕಳು, ಇವೇ ಇದಕ್ಕೆ ಗೊಬ್ಬರ. 1963ರಲ್ಲಿ ದಿಲ್ಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಸುಜೊಯ್ ರಾಯ್ ಮತ್ತು ಅವರ ಜೊತೆಗಾರರು, ಭಾರತದಲ್ಲಿ ಈ ಕದವು ಇಪ್ಪತ್ತರೊಳಗೇ ಬಿಗಿಯುವುದುಂಟೆಂದು ಜಗತ್ತಿಗೆ ತೋರಿಸಿಕೊಟ್ಟರು. ಶ್ರೀಮಂತ ದೇಶಗಳಲ್ಲಿ ಅದು ನಡುವಯಸ್ಸಿನ ರೋಗವಾಗಿತ್ತು; ನಮ್ಮಲ್ಲಿ ಶಾಲೆಯ ಮಕ್ಕಳ ರೋಗ.

ಚಿಕಿತ್ಸೆಯ ಕಥೆ ಸ್ವಾರಸ್ಯವಾಗಿದೆ. 1925ರಲ್ಲಿ ಲಂಡನ್ನಿನ ಹೆನ್ರಿ ಸೌಟರ್ ಎಂಬ ಶಸ್ತ್ರವೈದ್ಯರು ಒಬ್ಬ ಹುಡುಗಿಯ ಬಡಿಯುತ್ತಿದ್ದ ಗುಂಡಿಗೆಯೊಳಗೆ ಬೆರಳು ತೂರಿಸಿ ಬಿಗಿದ ಕದವನ್ನು ಸಡಿಲಿಸಿದರು. ಹುಡುಗಿ ಬದುಕಿದಳು. ಆದರೂ ಬೇರೆ ವೈದ್ಯರು ಅವರ ಬಳಿಗೆ ಇನ್ನೊಬ್ಬ ರೋಗಿಯನ್ನು ಕಳಿಸಲಿಲ್ಲ. ತಪ್ಪು ಕದದ್ದಲ್ಲ, ಸ್ನಾಯುವಿನದು ಎಂಬುದು ಅಂದಿನವರ ನಂಬಿಕೆ. ಎಮ್ಮೆಗೆ ಬರೆ ಹಾಕುವ ತಪ್ಪು ದೊಡ್ಡ ವೈದ್ಯರಿಂದಲೂ ಆದೀತೆಂಬುದಕ್ಕೆ ಇದು ಸಾಕ್ಷಿ. 1948ರಲ್ಲಿ ಅಮೆರಿಕದ ಚಾರ್ಲ್ಸ್ ಬೈಲಿ ಮೊದಲಾದವರು ಆ ದಾರಿಯನ್ನು ಮತ್ತೆ ತೆರೆದರು. 1984ರಲ್ಲಿ ಜಪಾನಿನ ಕಾಂಜಿ ಇನೌಯೆ ಎದೆ ಸೀಳದೆಯೇ ಕದ ಬಿಡಿಸುವ ಉಪಾಯವನ್ನು ಪ್ರಕಟಿಸಿದರು. ತೊಡೆಯ ರಕ್ತನಾಳದಿಂದ ಸಣ್ಣ ನಳಿಗೆಯನ್ನು ಗುಂಡಿಗೆಗೆ ಒಯ್ದು, ಅದರ ತುದಿಯ ಬಲೂನನ್ನು ಕದದ ನಡುವೆ ಉಬ್ಬಿಸಿದರೆ ಅಂಟಿದ ಅಂಚುಗಳು ಬಿಡುತ್ತವೆ. ಕದವು ತೀರ ಗಡುಸಾಗಿರದಿದ್ದರೆ, ಹೆಚ್ಚು ಸೋರದಿದ್ದರೆ, ಒಳಗೆ ರಕ್ತ ಹೆಪ್ಪುಗಟ್ಟಿರದಿದ್ದರೆ ಈ ಉಪಾಯ ನಡೆಯುತ್ತದೆ. ಅಗತ್ಯ ಬಿದ್ದರೆ ಬಸುರಿಯರಿಗೂ ಎಚ್ಚರಿಕೆಯಿಂದ ಮಾಡುತ್ತಾರೆ. ಜಗತ್ತಿನಲ್ಲಿ ಇದನ್ನು ಬಹಳ ಹೆಚ್ಚು ಸಂಖ್ಯೆಯಲ್ಲಿ ಮಾಡಿದ ಸಂಸ್ಥೆಗಳಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯೂ ಒಂದೆಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ.

ಬಿಡಿಸಲಾಗದ ಕದವನ್ನು ಬದಲಿಸಬೇಕಾಗುತ್ತದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಮತ್ತು ಅವರ ಸಂಗಡಿಗರು ಬಹು ವರುಷ ದುಡಿದು ನಮ್ಮ ದೇಶದ್ದೇ ಆದ ಕೃತಕ ಕವಾಟವನ್ನು ಸಿದ್ಧಪಡಿಸಿದರು. 1990ರಲ್ಲಿ ಅದನ್ನು ಮೊದಲ ಸಲ ರೋಗಿಯೊಬ್ಬರಿಗೆ ಜೋಡಿಸಲಾಯಿತು. ಮುಂದೆ ಮಣಿಪಾಲವನ್ನೇ ಮನೆ ಮಾಡಿಕೊಂಡ ಈ ಮಹನೀಯರು 2024ರಲ್ಲಿ ಅಲ್ಲಿಯೇ ತೀರಿಕೊಂಡರು. ಹಿರಿಯರ ಬಿಗಿದ ಮಹಾಧಮನಿಯ ಕದವನ್ನು ಎದೆ ಸೀಳದೆ ನಳಿಗೆಯಿಂದಲೇ ಬದಲಿಸುವ ವಿಧಾನವನ್ನು 2002ರಲ್ಲಿ ಫ್ರಾನ್ಸಿನ ಅಲೆನ್ ಕ್ರಿಬಿಯೆ ಮೊದಲು ಮಾಡಿ ತೋರಿಸಿದರು.

ಇಷ್ಟೆಲ್ಲ ದೊಡ್ಡ ಉಪಾಯಗಳಿದ್ದರೂ ಮೊದಲ ಕೆಲಸ ಸಣ್ಣದು. ಅದು ಎದೆಗೆ ಸ್ಟೆತಾಸ್ಕೋಪು ಇಟ್ಟು ಕೇಳುವುದು. ಬಿಗಿದ ಮೈಟ್ರಲ್ ಕದದ ಸದ್ದು ದೂರದ ಗುಡುಗಿನಂತೆ ಬಹು ತಗ್ಗಿದ ಸದ್ದು. ರೋಗಿಯನ್ನು ಎಡಮಗ್ಗುಲಾಗಿ ಮಲಗಿಸಿ ಶಾಂತವಾಗಿ ಕೇಳಿದರೇ ಸಿಕ್ಕೀತು. ಸಂಶಯ ಬಂದಲ್ಲಿ ಎಕೋ ಪರೀಕ್ಷೆ. ನೋವಿಲ್ಲ, ಸೂಜಿಯಿಲ್ಲ, ಕದ ತೆರೆದು ಮುಚ್ಚುವುದನ್ನು ಕಣ್ಣಾರೆ ನೋಡಬಹುದು. ಇದಕ್ಕಾಗಿ ನಾವು ಬೆಂಗಳೂರಿಗೆ ಹೋಗಬೇಕಾಗಿಲ್ಲ. 1957ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾಗಿ, ಮುಂದೆ ಕಿಮ್ಸ್ ಎಂದು ಮನೆಮಾತಾದ ಸರಕಾರಿ ವೈದ್ಯಕೀಯ ಕಾಲೇಜಿನ ದವಾಖಾನೆ ನಮ್ಮ ಊರಲ್ಲಿಯೇ ಇದೆ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಶಾಲೆಗೆ ಬರುವ ವೈದ್ಯರ ತಂಡವು ನೋಡಬೇಕಾದ ರೋಗಗಳಲ್ಲಿ ರುಮ್ಯಾಟಿಕ್ ಹೃದ್ರೋಗವೂ ಸೇರಿದೆ. ಆ ದಿನ ಮಗುವನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳಬೇಡಿರಿ.

ಮಕ್ಕಳ ವಿಷಯದಲ್ಲಿ ಒಂದು ಮಾತನ್ನು ಗಂಟು ಕಟ್ಟಿಕೊಳ್ಳಿರಿ. ಜ್ವರದೊಡನೆ ಗಂಟಲು ನೋವು ಬಂದು ನುಂಗಲು ಕಷ್ಟವಾದರೆ ಡಾಕ್ಟರಿಗೆ ತೋರಿಸಿರಿ. ಅವರು ಪೆನಿಸಿಲಿನ್ ಬಗೆಯ ಔಷಧ ಕೊಟ್ಟರೆ ಹೇಳಿದಷ್ಟು ದಿನ ಪೂರ್ತಿ ಕೊಡಿರಿ, ಎರಡನೆಯ ದಿನ ಮಗು ಆಡತೊಡಗಿತೆಂದು ನಿಲ್ಲಿಸಬೇಡಿರಿ. ಒಂದು ಸಲ ರುಮ್ಯಾಟಿಕ್ ಜ್ವರ ಬಂದ ಮಗುವಿಗೆ ಮತ್ತೆ ಬರುವ ಭಯ ಹೆಚ್ಚು. ಪ್ರತಿ ಸಲವೂ ಕದಕ್ಕೆ ಹೊಸ ಗಾಯ. ಅದನ್ನು ತಡೆಯಲು ಮೂರು ವಾರಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಸೂಜಿ ಹಾಕಿಸಬೇಕು. ಔಷಧ ಒಗ್ಗುವುದೋ ಇಲ್ಲವೋ ಎಂಬುದನ್ನು ವೈದ್ಯರು ನೋಡಿಕೊಳ್ಳುತ್ತಾರೆ. ಕದ ಕೆಟ್ಟಿದ್ದರೆ ಈ ಸೂಜಿ ಕಡಿಮೆಯೆಂದರೆ ಹತ್ತು ವರುಷ, ಅನೇಕರಿಗೆ ನಲವತ್ತರ ವರೆಗೂ ಬೇಕು. ಮಗು ಅಳುತ್ತದೆ, ಬಸ್ಸಿನ ಖರ್ಚು, ಕೂಲಿ ತಪ್ಪುತ್ತದೆ, ನಿಜ. ಆದರೆ ಒಂದು ಸೂಜಿಯ ನೋವಿಗೂ ಎದೆಯ ಶಸ್ತ್ರಕ್ರಿಯೆಗೂ ತೂಗಿ ನೋಡಿರಿ. ಹುಡುಗಿಯ ಲಗ್ನವಾಯಿತೆಂದು ಸೂಜಿ ತಪ್ಪಿಸಬೇಡಿರಿ. ರೋಗವನ್ನು ಮುಚ್ಚಿಟ್ಟು ಲಗ್ನ ಮಾಡಿದರೆ ಅದರ ಲೆಕ್ಕ ಬಸುರಿನಲ್ಲಿ ಚುಕ್ತಾ ಆಗುತ್ತದೆ.

ಕದದ ಬೇನೆ ಇದ್ದವರು ಉಪ್ಪಿಗೆ ಅಂಜಬೇಕು. ಉಪ್ಪು ನೀರನ್ನು ಮೈಯಲ್ಲಿ ಹಿಡಿದಿಡುತ್ತದೆ, ನೀರು ಪುಪ್ಪುಸಕ್ಕೆ ಏರುತ್ತದೆ. ದಿನಕ್ಕೆ ಎಲ್ಲ ಕೂಡಿ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚೆಯೊಳಗೇ ಇರಲಿ. ರೊಟ್ಟಿಯ ಜೊತೆಗೆ ಹಿಂಡಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಇಲ್ಲದೆ ನಮ್ಮ ಕಡೆಯ ಊಟ ನಡೆಯದೆಂಬುದು ನನಗೂ ಗೊತ್ತು. ಆದರೆ ಗುಂಡಿಗೆಗೆ ಗೊತ್ತಿಲ್ಲ. ಹಲ್ಲು-ಒಸಡುಗಳನ್ನು ಸ್ವಚ್ಛವಾಗಿಡಬೇಕು, ಬಾಯಿಯ ರೋಗಾಣುಗಳು ಕೆಟ್ಟ ಕದದ ಮೇಲೆ ಬಂದು ನೆಲೆಸುವುದುಂಟು. ಕೃತಕ ಕದ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಿರಲು ಕೊಟ್ಟ ಗುಳಿಗೆಯನ್ನು ಒಂದು ದಿನವೂ ತಪ್ಪಿಸದೆ, ಹೇಳಿದ ದಿನ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು. ಉಬ್ಬಸದ ಔಷಧ ತೆಗೆದುಕೊಳ್ಳುತ್ತಿರುವವರು ಈ ಭಾಷಣ ಕೇಳಿ ಅದನ್ನು ನಿಲ್ಲಿಸಬೇಡಿರಿ. ಉಬ್ಬಸವೇ ಇದ್ದಲ್ಲಿ ಅದೇ ನಿಜವಾದ ಔಷಧ. ಮಲಗಲಾಗದಷ್ಟು ದಮ್ಮು ಹತ್ತಿ, ಕೆಂಪು ನೊರೆಯಂಥ ಕಫ ಬಂದರೆ ಬೆಳಗಾಗುವ ತನಕ ಕಾಯಬೇಡಿರಿ. ರೋಗಿಯನ್ನು ಕೂಡ್ರಿಸಿ, ಕಾಲು ಇಳಿಬಿಡಿಸಿ, ಕುಳ್ಳಿರಿಸಿಕೊಂಡೇ ದವಾಖಾನೆಗೆ ಒಯ್ಯಿರಿ.

ಕಡೆಯದಾಗಿ, ಮನೆಯಲ್ಲಿ ಯಾರಿಗಾದರೂ ಏದುಸಿರು ಕಂಡರೆ ಮೂರು ಪ್ರಶ್ನೆ ಕೇಳಿರಿ. ಹೋದ ವರುಷ ಏರುತ್ತಿದ್ದಷ್ಟು ಪಾವಟಿಗೆಗಳನ್ನು ಈ ವರುಷ ಏರಲು ಆಗುತ್ತದೆಯೆ? ರಾತ್ರಿ ಎಷ್ಟು ತಲೆದಿಂಬು ಬೇಕು? ಚಿಕ್ಕಂದಿನಲ್ಲಿ ಜ್ವರದೊಡನೆ ಕೀಲುಗಳು ಒಂದಾದ ಮೇಲೊಂದು ಬಾತಿದ್ದುಂಟೆ? ಈ ಮೂರಕ್ಕೆ ಬಂದ ಉತ್ತರವನ್ನು ಕೇಳದಿದ್ದರೂ ಡಾಕ್ಟರಿಗೆ ಹೇಳಿರಿ. ನಾವು ಮೊದಲು ನೆನೆದ ಆ ಹೆಣ್ಣುಮಗಳಿಗೆ ಇನ್ನೂ ಹೊತ್ತು ಮೀರಿಲ್ಲ. ಆಕೆಯ ಎದೆಯ ಮೇಲೆ ಯಾರಾದರೂ ಎರಡು ನಿಮಿಷ ಕಿವಿಯಿಟ್ಟು ಕೇಳಬೇಕು. ಆಕೆಯ ಮೊಣಕಾಲಿನ ಕಥೆಯನ್ನು ಯಾರಾದರೂ ನೆನಪಿಟ್ಟು ಹೇಳಬೇಕು. ಮೊದಲನೆಯದು ವೈದ್ಯರ ಕೆಲಸ. ಎರಡನೆಯದು ತಾಯಿಯ ಕೆಲಸ, ತವರುಮನೆಯ ಕೆಲಸ, ನಮ್ಮ ನಿಮ್ಮೆಲ್ಲರ ಕೆಲಸ.